ಸೈಡ್ ವಿಂಗಿನ ಮುಖ

"ಕಟ್," ಎಂದ ನಿರ್ದೇಶಕ. ಈ ಸಲ ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ಮೆಟ್ಟಿಲ ಕೊನೆಯ ತಿರುವಿನಲ್ಲಿ ಒದ್ದೆ ಬೆಡ್‌ಶೀಟುಗಳ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಅವಳು ನಿಂತಿದ್ದಳು. ಚಿತ್ರದಲ್ಲಿ ಅವಳದು ಲಾಂಡ್ರಿ ಕೆಲಸದವಳ ಪಾತ್ರ. ದಿನವಿಡೀ ಬಟ್ಟೆ ಒಗೆದು, ಹಿಂಡಿ, ತಾರಸಿಯಲ್ಲಿ ಒಣಹಾಕಲು ಹೊತ್ತು ತರುವವಳು ಇಲ್ಲಿ ಬುಟ್ಟಿ ಇಳಿಸಿ ಗಳಿಗೆ ಹೊತ್ತು ಗೋಡೆಗೆ ಒರಗಬೇಕು. ಮಾತಿಲ್ಲ, ಅಳುವಿಲ್ಲ. ಸುಸ್ತು ಕಂಡರೆ ಸಾಕು.

ಮೊದಲು ಬುಟ್ಟಿಯಲ್ಲಿ ಥರ್ಮಾಕೋಲ್ ತುಂಬಿ ಮೇಲೊಂದು ಬಟ್ಟೆ ಹೊದಿಸಿಟ್ಟಿದ್ದರು. "ಭಾರ ಇಲ್ಲದೆ ನನಗೆ ಬರಲ್ಲ, ನಿಜವಾದ ಒದ್ದೆ ಬಟ್ಟೆ ಹಾಕಿಸಿ," ಎಂದು ಕೇಳಿದವಳು ಅವಳೇ. ಹಾಕಿಸಿದರು. ಸವೆದುಹೋದ ಸೊಂಟದ ಕೀಲಿನಲ್ಲಿ ಮೊದಲ ಮೆಟ್ಟಿಲಿನಿಂದಲೇ ಯಾರೋ ಚಾಕು ತಿರುವಿದಂತಾಗುತ್ತಿತ್ತು. ಆದರೆ ಮಾನಿಟರಿನಲ್ಲಿ ಕಂಡದ್ದೇ ಬೇರೆ. ಭಾರ ಹೆಚ್ಚಿದಷ್ಟೂ ಅವಳು ಹಗುರಾಗಿದ್ದಳು. ನೋವು ಏರಿದಷ್ಟೂ ಗದ್ದ ಮೇಲೇರಿತ್ತು, ಕುತ್ತಿಗೆ ನೀಳವಾಗಿತ್ತು, ತುಟಿ ಅರ್ಧ ಬಿರಿದು ಅಲ್ಲೊಂದು ಸಣ್ಣ ನಗೆ ಬಂದು ಕೂತಿತ್ತು. ಬ್ಯಾಲೆ ತಂಡದಲ್ಲಿ ಕಾಲುಬೆರಳ ಉಗುರು ಕಿತ್ತು ಬಂದ ದಿನವೂ ಅವಳು ಕುಣಿದದ್ದು ಇದೇ ಮುಖ ಹೊತ್ತು. ಬೇಡವೆಂದರೆ ಹೋಗಲು ಅದೇನು ಬಣ್ಣವೇ, ಒರೆಸಿಕೊಳ್ಳಲು?

"ಬುಟ್ಟೀಲಿ ಹೂವಿದೆ ಅಂತ ಕಾಣುತ್ತೆ," ಎಂದು ಲೈಟಿನವನು ಪಕ್ಕದವನಿಗೆ ಹೇಳಿದ್ದು ಅವಳಿಗೂ ಕೇಳಿಸಿತು. ಪಾದಗಳನ್ನು ಹೊರಕ್ಕೆ ತಿರುಗಿಸಿ ನಡೆಯುವುದನ್ನು ಕಂಡು ಮೊದಲ ದಿನವೇ ಅವರು ಅವಳಿಗೆ ಬಾತುಕೋಳಿ ಎಂದು ಹೆಸರಿಟ್ಟಿದ್ದರು. ಅದೂ ಅವಳಿಗೆ ಗೊತ್ತಿತ್ತು.

ನಿರ್ದೇಶಕ ಮೆಟ್ಟಿಲ ಮೇಲೆ ಬಂದು ಕೂತ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು.

"ನಿಮಗೆ ನಿಜವಾಗ್ಲೂ ನೋವಾಗ್ತಿಲ್ವಾ ಮೇಡಂ?"

"ಆಗ್ತಿದೆ."

"ಎಷ್ಟು?"

"ಕಿರುಚೋ ಅಷ್ಟು."

"ಇಲ್ಲಿ ನೋಡಿದ್ರೆ ಯಾರೋ ನಿಮಗೆ ಹಾರ ಹಾಕ್ತಿರೋ ಹಾಗಿದೆ." ಅವನು ನಗಲಿಲ್ಲ. "ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ನಿಮ್ಮನ್ನ ಸ್ಟೇಜ್ ಮೇಲೆ ನೋಡಿ ಕರೆಯಲಿಲ್ಲ. ಒಂದು ಸಲ ನಿಮ್ಮ ಥಿಯೇಟರಿನಲ್ಲಿ ಸ್ಟೇಜಿನ ಪಕ್ಕ, ಪರದೆ ಮರೆಯಲ್ಲಿ ನಿಂತಿದ್ದೆ. ನೀವು ಕುಣೀತಾ ಕುಣೀತಾ ಸೈಡ್ ವಿಂಗಿಗೆ ಬಂದ್ರಿ. ಪರದೆ ದಾಟಿದ್ದೇ ತಡ, ಸೊಂಟ ಮುರಿದವರ ಹಾಗೆ ಬಗ್ಗಿ ನಿಂತ್ರಿ. ಆಗ ನಿಮ್ಮ ಮುಖ ನೋಡಿದೆ. ಹೆಣದ ಮುಖ. ಆಮೇಲೆ ಮತ್ತೆ ನಗ್ತಾ ಸ್ಟೇಜಿಗೆ ಹೋದ್ರಿ. ನನಗೆ ಬೇಕಾಗಿರೋದು ಆ ಮುಖ."

"ಅದು ಬೇಕು ಅಂದಾಗ ಬರೋದಲ್ಲ."

"ನಾಳೆ ಬೆಳಿಗ್ಗೆ ಇದೇ ಬೆಳಕಿರುತ್ತೆ. ಬಂದ್ರೆ ಸರಿ. ಇಲ್ಲಾಂದ್ರೆ ಆಡಿಷನ್‌ಗೆ ಬಂದಿದ್ದ ಇನ್ನೊಬ್ರನ್ನ ಕರೆಸಿ ಅಂತ ಮೇಲಿನವರು ಹೇಳಿಬಿಟ್ಟಿದ್ದಾರೆ." ಕಡ್ಡಿ ಮುರಿದಂತೆ ಹೇಳಿ ಎದ್ದುಹೋದ.

ಇನ್ನು ಜಿಗಿಯಕೂಡದು ಎಂದು ಡಾಕ್ಟರು ಹೇಳಿದ ಮೇಲೆ ತಂಡದವರು ಹೂಗುಚ್ಛ ಕೊಟ್ಟು, ಎರಡು ಒಳ್ಳೆಯ ಮಾತಾಡಿ ಅವಳನ್ನು ಕಳಿಸಿಕೊಟ್ಟಿದ್ದರು. ಎಂಟನೇ ವಯಸ್ಸಿನಿಂದ ಆ ಒಂದು ಕಸುಬು ಬಿಟ್ಟರೆ ಇನ್ನೊಂದನ್ನು ಅವಳು ಕಲಿತಿರಲಿಲ್ಲ. ಈ ಪಾತ್ರವೂ ಕೈಬಿಟ್ಟರೆ ಅವಳು ಯಾರೂ ಅಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಸೋತ ಮುಖ ಮಾಡಿ ಕಿಟಕಿಯ ಗಾಜಿನಲ್ಲಿ ನೋಡಿಕೊಂಡಳು. ಎದುರು ಸೀಟಿನ ಹೆಂಗಸು, ಇವಳು ತನ್ನನ್ನು ನೋಡಿ ನಗುತ್ತಿದ್ದಾಳೆಂದುಕೊಂಡು, ತಾನೂ ನಕ್ಕಳು.

ಅಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಅದೇ ಥಿಯೇಟರಿನ ಉಡುಪಿನ ಕೋಣೆಯಲ್ಲಿ ಜೀವನವಿಡೀ ಹೊಲಿದವಳು. ಪ್ರದರ್ಶನದ ದಿನ ಕೆಲಸ ಮುಗಿದರೂ ಮನೆಗೆ ಹೋಗದೆ, ಒಂದು ಕೈಯಲ್ಲಿ ಶಾಲು, ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಸೈಡ್ ವಿಂಗಿನಲ್ಲಿ ನಿಲ್ಲುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ ಹೊಸ ಶೂ ಕಚ್ಚಿ ಅತ್ತರೆ ರಿಬ್ಬನ್ ಬಿಗಿಯುತ್ತಲೇ ಹೇಳುತ್ತಿದ್ದಳು: "ನೋವು ಕಾಲಿಗೆ ಕಣೇ. ಮುಖ ಏನು ತಪ್ಪು ಮಾಡಿದೆ?"

ಶೂಟಿಂಗಿನ ಕಥೆ ಕೇಳಿ ಅಮ್ಮ ನಕ್ಕಳು. "ಇಷ್ಟು ವರ್ಷ ನಗು ನಗು ಅಂದೋರು ಈಗ ನಗಬೇಡ ಅಂದ್ರೆ? ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಹೇಳಬೇಕಾಗಿತ್ತು ನಿಮ್ಮ ನಿರ್ದೇಶಕನಿಗೆ."

"ನಾಳೆ ಬರದಿದ್ರೆ ಮುಗೀತು ಅಮ್ಮ."

"ಬರುತ್ತೆ ಬಿಡು. ಆ ಉಪ್ಪಿನ ಡಬ್ಬಿ... ಬೇಡ, ಕೂತ್ಕೋ, ನಾನೇ ತಗೋತೀನಿ."

ಅಮ್ಮ ಎದ್ದು ಮೇಲಿನ ಶೆಲ್ಫಿಗೆ ಎಡಗೈ ಚಾಚಿದಳು. ಕೈ ಭುಜದ ಮಟ್ಟ ದಾಟುತ್ತಿದ್ದಂತೆ ಅವಳ ಗದ್ದ ಮೇಲೇರಿತು. ಕುತ್ತಿಗೆ ನೀಳವಾಯಿತು. ತುಟಿ ಅರ್ಧ ಬಿರಿಯಿತು.

ಮಗಳು ಕೂತಲ್ಲೇ ಕಲ್ಲಾದಳು. ಬೆಳಿಗ್ಗೆಯೆಲ್ಲ ಮಾನಿಟರಿನಲ್ಲಿ ನೋಡಿ ನೋಡಿ ಸಾಕಾಗಿದ್ದ ಮುಖ ಅದು. ಬ್ಯಾಲೆ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದೆಂದು ಅವಳು ಈವರೆಗೆ ತಿಳಿದುಕೊಂಡಿದ್ದ ಮುಖ.

"ಎಲ್ಲಿ ನೋಯ್ತಿದೆ?"

"ಯಾರಿಗೆ?"

"ಅಮ್ಮ. ನನ್ನ ಹತ್ರ ನಾಟಕ ಬೇಡ."

ಡಬ್ಬಿಯನ್ನು ಮೇಜಿನ ಮೇಲಿಟ್ಟು ಅಮ್ಮ ಸ್ವಲ್ಪ ಹೊತ್ತು ಅದರ ಮುಚ್ಚಳವನ್ನೇ ಒರೆಸಿದಳು. ಆಮೇಲೆ ಮಗಳ ಕೈ ಹಿಡಿದು ತನ್ನ ಕಂಕುಳ ಕೆಳಗೆ ಇಟ್ಟುಕೊಂಡಳು. ರವಿಕೆಯ ಬಟ್ಟೆಯ ಮೇಲಿನಿಂದಲೇ ಬೆರಳಿಗೆ ಸಿಕ್ಕಿತು. ಬೀಜದಂತೆ ಗಟ್ಟಿಯಾದದ್ದು, ಅಲುಗದೆ ಕೂತದ್ದು.

"ಯಾವಾಗಿನಿಂದ?"

"ಚಳಿಗಾಲದಿಂದ ಇದೆ. ನಿನ್ನ ಕೊನೇ ಕಾರ್ಯಕ್ರಮ ಮುಗೀಲಿ ಅಂದ್ಕೊಂಡೆ. ಆಮೇಲೆ ನಿನ್ನ ಸೊಂಟ. ಆಮೇಲೆ ಈ ಸಿನಿಮಾ."

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ."

"ನಾಳೆ ನಿನ್ನ ಶೂಟಿಂಗು. ಇಷ್ಟು ದಿನ ಕೂತಿದ್ದು ಒಂದು ದಿನಕ್ಕೆ ಎಲ್ಲಿಗೆ ಓಡಿಹೋಗುತ್ತೆ?"

ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಆಸ್ಪತ್ರೆಯಲ್ಲಿ ಇಂಥ ಗಂಟು ನೋಡುವ ಡಾಕ್ಟರು ಮಧ್ಯಾಹ್ನದವರೆಗೆ ಇರುತ್ತಾರೆ. ಅಮ್ಮನೂ ಶೂಟಿಂಗಿಗೆ ಬರುವುದು, ಕೆಲಸ ಮುಗಿದದ್ದೇ ಅಲ್ಲಿಂದ ಹಾಗೇ ಆಸ್ಪತ್ರೆಗೆ ಹೋಗುವುದು. ಅದು ಬೆಳಗಿನ ಕೆಲಸ, ಬೇಗ ಮುಗಿಯುತ್ತದೆ ಎಂದು ಅವಳು ಅಮ್ಮನಿಗೆ ಹೇಳಿದಳು. ತನಗೂ ಹೇಳಿಕೊಂಡಳು.

ಮರುದಿನ ಸಹನಿರ್ದೇಶಕಿ ಅಮ್ಮನಿಗೆ ಕೆಳಗಡೆ ಕುರ್ಚಿ ಹಾಕಿಸಿದಳು. ಅಮ್ಮ ಕೂರಲಿಲ್ಲ. ಕ್ಯಾಮೆರಾಕ್ಕೆ ಕಾಣದ ಜಾಗ ಯಾವುದೆಂದು ಕೇಳಿ ತಿಳಿದುಕೊಂಡು, ತಿರುವಿನ ಆಚೆ, ತಾರಸಿಯ ಬಾಗಿಲ ಮರೆಯಲ್ಲಿ ಹೋಗಿ ನಿಂತಳು. ಒಂದು ಕೈಯಲ್ಲಿ ಶಾಲು, ಒಂದು ಕೈಯಲ್ಲಿ ನೀರಿನ ಬಾಟಲಿ. ಅಭ್ಯಾಸ.

"ಆ್ಯಕ್ಷನ್."

ಅವಳು ಬುಟ್ಟಿ ಹೊತ್ತು ಹತ್ತಿದಳು. ಕೀಲಿನಲ್ಲಿ ಚಾಕು ತಿರುಗಿತು. ಗದ್ದ ಏರಿತು. ಮುಗಿಯಿತು, ಇವತ್ತೂ ಅದೇ ಎಂದುಕೊಳ್ಳುತ್ತಲೇ ಕೊನೆಯ ತಿರುವಿಗೆ ಬಂದು, ಬುಟ್ಟಿ ಇಳಿಸಿ ತಲೆ ಎತ್ತಿದಳು. ಬಾಗಿಲ ಮರೆಯಲ್ಲಿ ಅಮ್ಮ ನಿಂತಿದ್ದಳು. ಬಾಟಲಿ ಕೆಳಗಿಟ್ಟು, ಶಾಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದಳು, ಮಗಳು ಬಂದು ಅದರೊಳಗೆ ಬೀಳಲಿ ಎಂಬಂತೆ. ಎಡಗೈ ಭುಜದ ಮಟ್ಟಕ್ಕೆ ಏರಿತ್ತು. ಅಮ್ಮ ನಗುತ್ತಿದ್ದಳು.

ಮಗಳ ಬೆನ್ನು ಗೋಡೆಗೆ ತಾಗಿ ಜಾರಿತು. ಮುಖದಲ್ಲಿ ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ; ಎಲ್ಲೋ ಕಟ್ಟಿದ್ದ ದಾರವೊಂದು ಬಿಚ್ಚಿಹೋದಂತೆನಿಸಿತು, ಅಷ್ಟೇ.

ಲೈಟಿನವನು ನೆಲ ನೋಡುತ್ತಿದ್ದ.

"ಕಟ್. ಇದೇ," ಎಂದ ನಿರ್ದೇಶಕ. ಮೆಟ್ಟಿಲು ಹಾರಿಕೊಂಡು ಬಂದು ಅವಳ ಮುಂದೆ ಕೂತ. ಅವನ ಕಣ್ಣು ಒದ್ದೆಯಾಗಿತ್ತು. "ಇದೇ ಮೇಡಂ. ಈಗ ಇದನ್ನೇ ಹತ್ತಿರದಿಂದ ಇನ್ನೊಂದು. ಆಮೇಲೆ ಕೆಳಗಿನಿಂದ ಒಂದು."

ಅವಳು ಗೋಡೆಯ ಗಡಿಯಾರ ಹುಡುಕಿದಳು. "ನಾವು ಆಸ್ಪತ್ರೆಗೆ ಹೋಗಬೇಕಿತ್ತು. ಅಮ್ಮನಿಗೆ..."

"ಅರ್ಧ ಗಂಟೆ. ಬೆಳಕು ಹೋದ್ರೆ ಇದೂ ಉಪಯೋಗಕ್ಕೆ ಬರಲ್ಲ, ಜೋಡಿಸೋಕಾಗಲ್ಲ." ಅವನು ಸುಳ್ಳು ಹೇಳುತ್ತಿರಲಿಲ್ಲ.

ಅವಳು ಬಾಗಿಲ ಕಡೆ ನೋಡಿದಳು. "ಮಾಡು, ಮಾಡು," ಎಂದಳು ಅಮ್ಮ, ಶಾಲನ್ನು ಮತ್ತೆ ಮಡಿಸುತ್ತಾ. "ನಾನು ಎಲ್ಲಿಗೂ ಹೋಗಲ್ಲ."

ಇಲ್ಲ ಎನ್ನಬಹುದಿತ್ತು. ಬುಟ್ಟಿ ಎತ್ತಿಕೊಂಡು ಅವಳು ಕೆಳಗಿಳಿದಳು.

ಹತ್ತಿರದಿಂದ ತೆಗೆದರು, ಕೆಳಗಿನಿಂದ ತೆಗೆದರು, ಹಿಂದಿನಿಂದ ತೆಗೆದರು. ಒಣಗಿದ ಬಟ್ಟೆಗೆ ಮತ್ತೆ ನೀರು ಸುರಿದರು. ಪ್ರತಿಸಲವೂ ಅವಳು ಹತ್ತಿ ಬಂದಳು, ಪ್ರತಿಸಲವೂ ಅಮ್ಮ ಶಾಲು ಅಗಲಿಸಿದಳು, ಪ್ರತಿಸಲವೂ ಆ ಮುಖ ಬಂತು. ಒಂದು ಸಲ ಅಮ್ಮನ ಕೈ ತುಸು ತಗ್ಗಿದಾಗ ಅವಳ ಮನಸ್ಸಿಗೆ ಮೊದಲು ಹೊಳೆದದ್ದು, ಅಯ್ಯೋ ಕೈ ಇಳಿಸಬೇಡ ಎಂದು. ಹಾಗೆ ಹೊಳೆದದ್ದಕ್ಕೆ ಬೆಚ್ಚಿಬಿದ್ದಳು. ಆ ಬೆಚ್ಚಿದ್ದೂ ಕ್ಯಾಮೆರಾಕ್ಕೆ ಸಿಕ್ಕಿತು. ಎಲ್ಲಕ್ಕಿಂತ ಇದೇ ಚೆನ್ನಾಗಿ ಬಂತೆಂದು ನಿರ್ದೇಶಕ ಹೇಳಿದ.

ಆಸ್ಪತ್ರೆಗೆ ಬಂದಾಗ ಡಾಕ್ಟರ ಕೋಣೆಗೆ ಬೀಗ ಬಿದ್ದಿತ್ತು. "ಇನ್ನು ಸೋಮವಾರಾನೇ," ಎಂದ ನೆಲ ಒರೆಸುತ್ತಿದ್ದವನು. "ಸ್ವಲ್ಪ ಮುಂಚೆ ಬಂದಿದ್ರೆ ಸಿಗೋರು. ಕಾಲೆತ್ತಿ ತಾಯಿ, ಒದ್ದೆ ಇದೆ."

ಇಬ್ಬರೂ ಬೆಂಚಿನ ಮೇಲೆ ಕಾಲೆತ್ತಿ ಕೂತರು. ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ.

"ಒಪ್ಪಿದ್ರಲ್ಲ, ಅದು ಮುಖ್ಯ," ಎಂದಳು ಅಮ್ಮ. "ಪಾತ್ರ ನಿನ್ನದೇ ತಾನೇ ಇನ್ನು?"

"ನನ್ನದೇ."

"ನೋಡಿದ್ಯಾ. ಬರುತ್ತೆ ಅಂದಿದ್ದೆ." ಅಮ್ಮನ ಗದ್ದ ಇನ್ನೂ ಮೇಲೇ ಇತ್ತು. ಎಡಗೈ ಪಕ್ಕೆಗೆ ಒತ್ತಿಕೊಂಡಿತ್ತು.

ನೆಲ ಒರೆಸುವವನು ಬಕೆಟ್ ಎಳೆದುಕೊಂಡು ತಿರುವಿನಲ್ಲಿ ಮರೆಯಾದ. ಅಮ್ಮನ ತೊಡೆಯ ಮೇಲಿದ್ದ ಶಾಲನ್ನು ತೆಗೆದುಕೊಂಡು ಅವಳು ಎದ್ದು ನಿಂತಳು. ಅದನ್ನು ಎರಡೂ ಕೈಯಲ್ಲಿ ಅಗಲಿಸಿ, ಕಾರಿಡಾರಿಗೆ ಬೆನ್ನು ಮಾಡಿ, ಅಮ್ಮನ ಮುಂದೆ ಪರದೆಯಂತೆ ಹಿಡಿದಳು.

"ಏನೇ ಇದು, ಹುಚ್ಚಿ," ಎಂದಳು ಅಮ್ಮ.

ಅವಳು ಕೈ ಇಳಿಸಲಿಲ್ಲ. ಆಚೆ ಯಾರೋ ಬಾಗಿಲು ಮುಚ್ಚಿದ ಸದ್ದಾಯಿತು. ಶಾಲಿನ ಈಚೆ ಅಮ್ಮನ ಗದ್ದ ಮೆಲ್ಲಗೆ, ಬಹಳ ಮೆಲ್ಲಗೆ ಇಳಿಯತೊಡಗಿತು.