ತನ್ನ ಹೆಸರಿಗೆ ತಾನೇ ಗಿರಾಕಿ

ಹಿಂದಕ್ಕೆ ನಡೆಯದೆ ಅವನು ಯಾವುದನ್ನೂ ನೋಡಿದವನಲ್ಲ. ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸುಬು; ಒಂದು ಅಕ್ಷರ ಮುಗಿಯಿತೆಂದರೆ ಏಣಿಯಿಂದಿಳಿದು, ಕತ್ತು ಓರೆ ಮಾಡಿ, ಬೀದಿಯ ನಡುವಿನವರೆಗೆ ಹಿಮ್ಮುಖವಾಗಿ ನಡೆದು, ಸೈಕಲ್ಲಿನವರ ಬೈಗುಳಕ್ಕೆ ಕಿವಿಗೊಡದೆ ಅದನ್ನು ಪರೀಕ್ಷಿಸುತ್ತಿದ್ದ. ನನ್ನ ತಂಗಿಯ ಮಗಳು ಅವನನ್ನು ಮೊದಲ ಸಲ ಮನೆಗೆ ಕರೆತಂದ ದಿನ, ನನ್ನನ್ನು ಕಂಡೊಡನೆ ಸರಿದು ಸರಿದು ಗೋಡೆಗೆ ತಾಗಿ ನಿಂತ.

"ಯಾಕಪ್ಪಾ, ನಾನೇನು ಕಚ್ತೀನಾ?"

"ಇಲ್ಲ ದೊಡ್ಡಮ್ಮ, ಪೂರ್ತಿ ಕಾಣ್ಲಿ ಅಂತ."

ಅವಳು ಅವನನ್ನೇ ಮದುವೆಯಾದಳು. ಮನೆಯಲ್ಲಿ ಅವನಿಗೆ 'ತಲೆಕಟ್ಟು' ಎಂದೇ ಹೆಸರು ಬಿತ್ತು. ಅಕ್ಷರದ ನೆತ್ತಿಯ ಆ ಪುಟ್ಟ ಗೆರೆಯಲ್ಲಿ ಅವನ ಪ್ರಾಣವಿತ್ತು: ಬೇಕರಿಗೆ ಉಬ್ಬಿದ ತಲೆಕಟ್ಟು, ಹಲ್ಲಿನ ಡಾಕ್ಟರಿಗೆ ಚೂಪು ತಲೆಕಟ್ಟು. ಗಿರಾಕಿ ಕೊಟ್ಟ ಮಾದರಿಯನ್ನು ಕೂದಲೆಳೆಯ ವ್ಯತ್ಯಾಸವಿಲ್ಲದೆ ಇಳಿಸುತ್ತಿದ್ದ ಈ ಮಹಾಶಯ ತನ್ನ ಸಹಿಯನ್ನು ಮಾತ್ರ ಎರಡು ಸಲ ಒಂದೇ ರೀತಿ ಹಾಕಿದವನಲ್ಲ. "ಹಾಕಿದ್ದನ್ನೇ ಹಾಕಿದ್ರೆ ಕೈಗೆ ಬೇಜಾರು ದೊಡ್ಡಮ್ಮ," ಎನ್ನುತ್ತಿದ್ದ.

ಆ ಬೇಜಾರಿಗೆ ಬೆಲೆ ತೆರುವ ಕಾಲ ಬಂತು. ಮದುವೆಯಾದ ತಿಂಗಳಲ್ಲೇ ನರ್ಸ್ ಕೆಲಸಕ್ಕೆ ಹೊರದೇಶಕ್ಕೆ ಹೋದ ಹೆಂಡತಿ, ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಪಾಸ್‌ಪೋರ್ಟಿನಲ್ಲಿ ಗುಂಡಗಿನ ಸಹಿ. ಮದುವೆಯ ನೋಂದಣಿ ಪತ್ರದಲ್ಲಿ ಬಳ್ಳಿಯಂಥದು. ಅರ್ಜಿಯಲ್ಲಿ, ಸಂತೋಷ ಹೆಚ್ಚಾಗಿ, ಬಾಲ ಬೀಸಿದ್ದು. ಇವಳಿಗೆ ಗಂಡಂದಿರು ಮೂವರೋ ಎಂದು ವೀಸಾ ಕಚೇರಿಗೆ ಅನುಮಾನ ಬಂದರೆ ತಪ್ಪೇನು? ದಾಖಲೆಗಳು ವಾಪಸಾದವು. ಅಧಿಕಾರಿಯ ಎದುರಿನಲ್ಲೇ, ಪಾಸ್‌ಪೋರ್ಟಿನಲ್ಲಿರುವಂತೆ ಸಹಿ ಹಾಕಿ ಮತ್ತೆ ಸಲ್ಲಿಸಬೇಕು. ಈ ಸಲವೂ ತಪ್ಪಿದರೆ ಅರ್ಜಿಯೇ ವಜಾ.

ಆ ದಿನ ಅವನು ಇಸ್ತ್ರಿಯ ಕೋಟು ತೊಟ್ಟು ಬಂದ; ಕಚೇರಿಗೆ ಅವನ ಜೊತೆ ನಾನೂ ಹೋದೆ. ಜೇಬಿನಲ್ಲಿ ಮಾತ್ರ ಎಂದಿನಂತೆ ಸೀಮೆಸುಣ್ಣ. ಕಾಯುವ ಕೋಣೆಯಲ್ಲಿ ಹಳೆಯ ಪತ್ರಿಕೆಯ ಅಂಚಿನ ಮೇಲೆ ಅಭ್ಯಾಸಕ್ಕೆ ಕೂತ. ಒಂದೊಂದು ಸಹಿಯೂ ಒಂದೊಂದು ಬಗೆಯದು. ಅಷ್ಟರಲ್ಲಿ ಹೆಂಡತಿಯ ಫೋನು. ಅವಳ ದನಿ ಪಕ್ಕದ ಬೆಂಚಿನವರಿಗೂ ಕೇಳಿಸುವಂತಿತ್ತು.

"ರೀ, ನಿಮ್ಮ ಹೆಸರು ಅಂತ ಬರೀಲೇಬೇಡಿ. ಯಾರೋ ಗಿರಾಕಿ ಮಾದರಿ ಕೊಟ್ಟಿದಾನೆ, ಬೋರ್ಡು ಹಾಗೇ ಬರಬೇಕಂತೆ."

"ಎಂಥ ಅಂಗಡಿ?"

"ನನ್ನ ಗಂಡನ ಅಂಗಡಿ ಕಣ್ರೀ! ಕೆಡಿಸಿದ್ರೆ ನಾನು ಸುಮ್ನೆ ಬಿಡಲ್ಲ."

ಅವನ ಬೆನ್ನು ತಟ್ಟನೆ ನೆಟ್ಟಗಾಯಿತು. ಕೌಂಟರಿನಲ್ಲಿ ಪಾಸ್‌ಪೋರ್ಟು ತೆರೆದಿಟ್ಟು, ಕತ್ತು ಓರೆ ಮಾಡಿ, ಸಾಲಿನಲ್ಲಿದ್ದವರ ಕಾಲು ತುಳಿಯುತ್ತಾ ಹಿಂದಕ್ಕೆ ಹೊರಟ.

"ಏನ್ರೀ, ಓಡಿಹೋಗ್ತಿದೀರಾ?" ಎಂದರು ಅಧಿಕಾರಿಣಿ.

"ಇಲ್ಲ ಮೇಡಂ, ಮಾದರಿ ನೋಡ್ತಿದೀನಿ."

ನಾನು ಬೆಂಚಿನಿಂದ ಎದ್ದೇ ನಿಂತೆ. ಸಹಿಗೆ ಮಾದರಿ ನೋಡುವವನನ್ನು ಲೋಕ ಏನೆಂದು ಕರೆಯುತ್ತದೆ? ಆಕೆಯ ಹುಬ್ಬೂ ಗಂಟಿಕ್ಕಿತು. "ಯಾರ ಮಾದರಿ?"

"ನಂದೇ ಮೇಡಂ. ಗಿರಾಕೀನೂ ನಾನೇ."

ಹಾಕಿದ. ಆಕೆ ಕನ್ನಡಕ ಏರಿಸಿ ಹೋಲಿಸಿ ನೋಡಿ, "ಇನ್ನೊಂದ್ಸಲ," ಎಂದರು. ಹಾಕಿದ. "ಇನ್ನೊಂದು." ಮೂರೂ ಒಂದೇ ಅಚ್ಚಿನಿಂದ ಇಳಿದಂತಿದ್ದವು, ತಲೆಕಟ್ಟು ಕೂಡ ಮಿಸುಕಿರಲಿಲ್ಲ. ಮೊಹರು ದಡ್ಡೆಂದು ಬಿತ್ತು. ಕೋಣೆಯೆಲ್ಲ ತಿರುಗಿ ನೋಡುವಂತೆ ಅವನು ಫೋನಿನಲ್ಲಿ ಕೂಗಿದ: "ಬೋರ್ಡು ಪಾಸಾಯ್ತು ಕಣೇ!"

ಬದುಕೆಲ್ಲ ಪರರ ಹೆಸರನ್ನು ಚೆಂದವಾಗಿ ಬರೆದುಕೊಡುವ ಇಂಥವರಿಗೆ ಸ್ವಂತ ಹೆಸರೆಂಬುದು ಗಳಿಗೆಗೊಂದು ವೇಷ ತೊಡಿಸಬಹುದಾದ ಆಟ. ಆದರೆ ಆ ಹೆಸರಿಗಾಗಿ ಎಲ್ಲೋ ಒಬ್ಬರು ಕಾಯುತ್ತಿದ್ದಾರೆಂದು ಗೊತ್ತಾಗಲಿ, ಅದನ್ನೂ ಅವರು ಒಪ್ಪಿಕೊಂಡ ಕೆಲಸದಂತೆ, ಒಂದು ಗೆರೆಯೂ ಕೆಡದಂತೆ ಬರೆದು ಒಪ್ಪಿಸುತ್ತಾರೆ.