ಗಂಜಿ ಹಾಕಿದ ಹುರಿ

‘ಶಿವಗಂಗಾ ಸೋಲಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಆ ಹುಡುಗಿ ನನಗೇನು ಮಾಡಿದ್ದಾಳೆ?’ ಇಷ್ಟು ಬರೆದು ಸುಧಾರಾಣಿ ಡೈರಿ ಮುಚ್ಚಿದಳು. ಬಿ.ಎ. ಮುಗಿದು ವರ್ಷವಾಗಿತ್ತು. ಆಡಬೇಕಾದ ಮಾತನ್ನೆಲ್ಲ ಬರೆದಿಟ್ಟುಬಿಡುವುದು ಅವಳ ರೂಢಿ.

ಇಳಕಲ್ಲಿನ ಹೈಸ್ಕೂಲಿನ ದಾಖಲೆಯ ಹಲಗೆಯ ಮೇಲೆ ಮೂವತ್ತು ವರ್ಷದಿಂದ ಅವಳ ತಾಯಿಯ ಹೆಸರಿತ್ತು: ಎಂಟುನೂರು ಮೀಟರ್ ಓಟ, ಅನುರಾಧಾ, ಎರಡು ನಿಮಿಷ ಇಪ್ಪತ್ನಾಲ್ಕು ಸೆಕೆಂಡು. ಮರುವರ್ಷವೇ ಮದುವೆ, ಆಮೇಲೆ ಮಗ್ಗ. ಅನುರಾಧಾ ಮತ್ತೆ ಬಸ್ಸು ಹಿಡಿಯಲಿಕ್ಕೂ ಓಡಲಿಲ್ಲ. ಆದರೆ ಪ್ರತಿವರ್ಷ ಕ್ರೀಡಾಕೂಟದ ದಿನ ತಾನೇ ನೇಯ್ದ ಸೀರೆ ಉಟ್ಟು ಹೋಗಿ, ಆ ಹಲಗೆಯ ಮುಂದೆ ಒಂದು ಗಳಿಗೆ ನಿಂತು ಬರುತ್ತಿದ್ದಳು. ಈ ಸಲ ಆ ದಾಖಲೆ ಮುರಿಯುವವಳೆಂದು ಎಲ್ಲರ ಬಾಯಲ್ಲಿದ್ದದ್ದು ಹತ್ತನೆಯ ತರಗತಿಯ ಶಿವಗಂಗಾಳ ಹೆಸರು.

ಅನುರಾಧಾ ಓಡಿದ ವರ್ಷ ಮೈದಾನ ಅಳೆದುಕೊಟ್ಟವನು ಅವಳ ತಂದೆ, ನೇಕಾರ ಹುಚ್ಚೇಶ. ಒಂದು ಸಂಜೆಯ ಮಟ್ಟಿಗೆ ಯಾರದೋ ಟೇಪು ಸಿಕ್ಕಿತ್ತು. ಐವತ್ತು ಮೀಟರಿನ ಹತ್ತಿ ಹುರಿ ಅಳೆದು, ಎರಡೂ ತುದಿಗೆ ಗಂಟು ಬಿಗಿದು, ಜೋಲು ಬೀಳದಿರಲೆಂದು ಗಂಜಿಯಲ್ಲಿ ಅದ್ದಿ ಒಣಗಹಾಕಿದ. ನೂಲು ಕಂಡರೆ ಗಂಜಿ ಹಾಕುವ ಕೈ ಅದು. ಬೆಳಿಗ್ಗೆ ಅದೇ ಹುರಿಯನ್ನು ಎಂಟು ಸಲ ಹಾಸಿ ಸುತ್ತಿನ ಸುಣ್ಣ ಎಳೆದರು. ಸಾಯುವತನಕ ಇದನ್ನು ಹೆಮ್ಮೆಯಿಂದ ಹೇಳಿಕೊಂಡ.

ಹದಿನೈದು ದಿನದ ಹಿಂದೆ ಅಟ್ಟ ಗುಡಿಸುವಾಗ ಆ ಹುರಿ ಸುಧಾರಾಣಿಗೆ ಸಿಕ್ಕಿತು. ಇನ್ನೂ ಕಡ್ಡಿಯಂತೆ ಬಿರುಸು. ಸುಮ್ಮನೆ ಅಳೆದು ನೋಡಿದಳು. ಗಂಟಿನಿಂದ ಗಂಟಿಗೆ ನಲವತ್ತೆಂಟೂವರೆ! ತೊಯ್ದು ಒಣಗಿ ಹುರಿ ಗಿಡ್ಡಾಗಿತ್ತು. ಎರಡು ಸುತ್ತಿಗೆ ಇಪ್ಪತ್ನಾಲ್ಕು ಮೀಟರು ಕಡಿಮೆ, ಅಂದರೆ ನಾಲ್ಕು ಸೆಕೆಂಡಿಗೂ ಹೆಚ್ಚಿನ ಓಟ. ಡೈರಿಯಲ್ಲಿ ಬರೆದು ಆ ಹಾಳೆ ಮಡಚಿದಳು. ಮಗ್ಗದ ಸದ್ದು ನಿಂತಾಗಲೆಲ್ಲ ಹೇಳಬೇಕೆನಿಸಿ, ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳು.

ಓಟದ ದಿನ, ಈಗ ಟೇಪು ಹಿಡಿದೇ ಅಳೆಯುವ ಮೈದಾನದಲ್ಲಿ, ಶಿವಗಂಗಾ ಬರಿಗಾಲಲ್ಲಿ ಓಡಿದಳು. ಎರಡು ನಿಮಿಷ ಇಪ್ಪತ್ತಾರು.

“ಈ ಸಲಾನೂ ಅನುರಾಧಾನ ಹೆಸರ ಅಳಸೂ ಕೆಲಸ ತಪ್ಪಿತು ನೋಡ್ರಿ!” ಎಂದು ನಕ್ಕರು ಡ್ರಿಲ್ ಮಾಸ್ತರ ಖಾಸಿಂಸಾಬ. ಜನ ಚಪ್ಪಾಳೆ ತಟ್ಟಿದರು. ಸುಧಾರಾಣಿ ಬೇಡಿಕೊಂಡದ್ದೇ ಆಗಿತ್ತು.

ಅನುರಾಧಾ ಆ ಹುಡುಗಿಗೆ ನೀರು ಕೊಟ್ಟಳು. “ಅಳಬ್ಯಾಡ ಹುಚ್ಚ ಖೋಡಿ, ಮುಂದಿನ ವರ್ಷ ಮುರೀತಿ.”

“ಮುಂದಿನ ವರ್ಷ ಎಲ್ಲಿ ಅತ್ತಿ? ಇದ ನಂದು ಕಡೀ ವರ್ಷ. ಆಮ್ಯಾಲ ಯಾರು ಓಡಾಕ ಬಿಡ್ತಾರ?”

ಹುಡುಗಿಯ ಬೆನ್ನು ಸವರುತ್ತಿದ್ದ ಅನುರಾಧಾಳ ಕೈ ಹಾಗೇ ನಿಂತಿತು.

ಸುಧಾರಾಣಿಯ ತುಟಿ ಅಲುಗಿತು.

“ಏನಂದಿ ಸುಧಾ? ಬಾಯಿಬಿಟ್ಟು ಮಾತಾಡ ಅಂತ ಎಷ್ಟ ಸಲ ಹೇಳೀನಿ,” ಎಂದಳು ತಾಯಿ.

ಮಾಸ್ತರರೂ ತಿರುಗಿ ನೋಡಿದರು. ಇಷ್ಟು ಮುಖಗಳು ಒಟ್ಟಿಗೆ ಅವಳ ಕಡೆ ತಿರುಗಿದ್ದು ಅದೇ ಮೊದಲು.

“ಅವ್ವಾ, ಅಜ್ಜನ ಹುರಿ ಗಂಜಿಗೆ ಗಿಡ್ಡಾಗಿತ್ತು. ನೀ ಅವತ್ತ ಓಡಿದ್ದು ಎಂಟನೂರ ಮೀಟರ ಅಲ್ಲ.”