ಒಂದೇ ಬದಿ ಪಳಗಿದ ಹೆಡ್‌ಫೋನು

ಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತದಂತೆ. ಕನ್ನಡಕದ ಅಂಗಡಿಯ ಈ ಹುಡುಗಿಯ ಜೀವ ಇದ್ದದ್ದು ಅವಳ ಮೊಬೈಲಿನಲ್ಲಿದ್ದ 'ಕಿವಿಗೊಡಿ ಬಳಗ' ಎಂಬ ಗುಂಪಿನಲ್ಲಿ.

ಹಗಲೆಲ್ಲ ಅವಳು ಗಿರಾಕಿಗಳ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, "ಇದಾ ಚೆನ್ನಾಗಿ ಕಾಣೋದು, ಅದಾ?" ಎಂದು ಕೇಳುತ್ತಿದ್ದಳು. ಸಂಜೆಯಾದರೆ ಹೆಡ್‌ಫೋನುಗಳ ಮಾತು. ಯಾವುದರಲ್ಲಿ ಕೊಳಲಿನವನು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ, ಯಾವುದರಲ್ಲಿ ಹಾಡುಗಾರ್ತಿ ಗಡಿಗೆಯೊಳಗೆ ಕೂತು ಹಾಡಿದಂತಿರುತ್ತದೆ ಎಂಬ ಸಂಗತಿಗಳನ್ನು ಬೇರೆ ಯಾರ ಮುಂದೆ ಹೇಳಿದರೂ ಅವರು ಅವಳ ಹಣೆ ಮುಟ್ಟಿ ಜ್ವರವೇ ಎಂದು ನೋಡುತ್ತಿದ್ದರು. ಬಳಗದವರು ಮಾತ್ರ, "ಗಡಿಗೆ ಮಣ್ಣಿನದೋ ತಾಮ್ರದ್ದೋ?" ಎಂದು ಕೇಳುತ್ತಿದ್ದರು.

ಆದರೆ ಬಳಗ ಬೆಳೆದಷ್ಟೂ ಮಾತು ಕಮ್ಮಿಯಾಗುತ್ತ ಬಂತು. ಊಟಕ್ಕೆ ಬಂದವರೆಲ್ಲ ಎಲೆ ಮುಂದೆ ಕೂತಿದ್ದಾರೆ, ಬಡಿಸುವವರೇ ಇಲ್ಲ ಅನ್ನುವ ಹಾಗೆ. ಬೆಳಗ್ಗೆ ಯಾರೋ ಒಂದು ಹೂವಿನ ಚಿತ್ರ ಹಾಕುವರು, ಉಳಿದವರು ಅದಕ್ಕೆ ಕೈಮುಗಿಯುವರು, ಅಲ್ಲಿಗೆ ಮುಗಿಯಿತು. ಗುಂಪು ಕಟ್ಟಿದ ಹಲ್ಲಿನ ಡಾಕ್ಟರಿಗೆ ಬೇಸರ ಬಂತು. ಅವರದು ಚಿನ್ನದ ಕಿವಿ ಎಂದು ಬಳಗದಲ್ಲಿ ಹೆಸರು; ಆ ಹೆಸರಿಟ್ಟವರೂ ಅವರೇ. ಜನರ ಬಾಯಿ ಬಿಡಿಸುವುದೇ ಕಸುಬಾದ ಅವರಿಗೂ ಈ ಬಳಗದ ಬಾಯಿ ಬಿಡಿಸಲು ಆಗಲಿಲ್ಲ. ಕೊನೆಗೆ ಅವರು ಬರೆದರು: "ನನ್ನ ಹೊಸ ಹೆಡ್‌ಫೋನು ಮನೆಯಿಂದ ಮನೆಗೆ ಹೋಗಲಿ. ಕೇಳಿದವರು ಕೇಳಿದ್ದನ್ನು ಬರೆಯಲಿ. ಆಗಲೂ ಹೀಗೇ ಇದ್ದರೆ ಗುಂಪಿಗೆ ಬೀಗ."

ಮೊದಲ ಸರದಿ ಹುಡುಗಿಯದು.

ಹೊಸ ಹೆಡ್‌ಫೋನನ್ನು ತಂದ ಕೂಡಲೇ ಕೇಳಬಾರದು, ಹಗಲೆಲ್ಲ ಅದರಷ್ಟಕ್ಕೆ ಹಾಡಲು ಬಿಡಬೇಕು, ಆಗ ಅದರ ದನಿ ಬಿಗಿ ಬಿಟ್ಟು ಪಳಗುತ್ತದೆ ಎಂಬುದು ಬಳಗದವರ ನಂಬಿಕೆ. ಹುಡುಗಿ ಅದನ್ನು ಊಟದ ಮೇಜಿನ ಮೇಲೆ ಹಾಡಲು ಬಿಟ್ಟು, ಮನೆಯಲ್ಲಿದ್ದ ಸೋದರತ್ತೆಗೆ, "ಅತ್ತೆ, ಇದು ಹೊಸದು. ಪಳಗಿಸೋಕೆ ಇಟ್ಟಿದ್ದೀನಿ, ಸ್ವಲ್ಪ ನೋಡ್ಕೊಳ್ಳಿ," ಎಂದು ಹೇಳಿ ಕೆಲಸಕ್ಕೆ ಹೋದಳು.

ಸಂಜೆ ಬಂದು ಕೈಗೆತ್ತಿಕೊಂಡರೆ ಬೆರಳು ಜಾರಿತು.

"ಅತ್ತೆ, ಇದೇನಿದು ಜಿಡ್ಡು?"

"ಹರಳೆಣ್ಣೆ. ಪಳಗಿಸ್ಬೇಕು ಅಂದ್ಯಲ್ಲೇ. ನೀನು ಒಣಕಲಾಗೇ ಇಟ್ಟು ಹೋಗಿದ್ದೆ. ಎಣ್ಣೆ ಸವರದೆ ಯಾವುದಾದ್ರೂ ಪಳಗುತ್ತಾ?"

"ಇದೇನು ದೋಸೆ ಕಾವಲಿನಾ?"

"ಕಪ್ಪಗಿದೆ, ದುಂಡಗಿದೆ, ಮುಟ್ಟಿದ್ರೆ ಬೆಚ್ಚಗಿದೆ. ನೀನೇ ಹೇಳು."

ಆ ಮನೆತನದ ಕಾವಲಿಗಳನ್ನೆಲ್ಲ ಪಳಗಿಸಿದ ಕೈ ಅದು. ಹುಡುಗಿ ಹೆಡ್‌ಫೋನನ್ನು ತಿರುಗಿಸಿ ನೋಡಿದಳು. ಒಂದು ಕಿವಿಯ ಮೆತ್ತೆ ಎಣ್ಣೆ ಕುಡಿದು ಮಿರುಗುತ್ತಿತ್ತು, ಇನ್ನೊಂದು ಇದ್ದ ಹಾಗೇ ಇತ್ತು.

"ಒಂದೇ ಬದಿಗೆ ಯಾಕೆ?"

"ಅಷ್ಟರಲ್ಲಿ ಹಾಲು ಉಕ್ಕಿತು," ಎಂದರು ಅತ್ತೆ, ಅದೇ ದೊಡ್ಡ ತಪ್ಪು ಅನ್ನುವ ದನಿಯಲ್ಲಿ.

ಹುಡುಗಿ ಒರೆಸಿದಳು, ತಿಕ್ಕಿದಳು. ಮಿರುಗು ಹೋಯಿತು, ಒಳಗಿಳಿದ ಎಣ್ಣೆ ಹೋಗಲಿಲ್ಲ. ಮುಚ್ಚಿಟ್ಟರೆ ನಾಳೆ ಬೇರೆಯವರ ಕಿವಿಗೆ ಅಂಟುತ್ತದೆ. ಧೈರ್ಯ ಮಾಡಿ, ನಡೆದದ್ದನ್ನೆಲ್ಲ ಬಳಗಕ್ಕೆ ಬರೆದು ಹಾಕಿದಳು.

ಮೂಕ ಬಳಗಕ್ಕೆ ನಾಲಿಗೆ ಬಂತು. ಬಸ್ಸಿನ ಡ್ರೈವರು, "ಬಸ್ಸಿನ ಬಾಗಿಲಿಗೆ ನಾವೂ ಹಾಕ್ತೀವಿ, ಕಿರುಗುಟ್ಟೋದು ನಿಲ್ಲುತ್ತೆ. ಇದರ ಕೀಚಲು ದನಿಯೂ ನಿಂತಿರ್ಬೇಕು," ಎಂದ. ಲೆಕ್ಕದ ಮೇಷ್ಟ್ರು, "ಎಣ್ಣೆಗೂ ದನಿಗೂ ಏನ್ರೀ ಸಂಬಂಧ?" ಎಂದು ಹಾರಿಬಿದ್ದರು. ಗುಂಪಿಗೆ ಸೇರಿದಂದಿನಿಂದ ತುಟಿ ಎರಡು ಮಾಡದಿದ್ದ ಹೆಂಗಸೊಬ್ಬರು, "ಬಿಸಿ ಮಾಡಿ ಹಚ್ಚಿದ್ರಾ, ಹಾಗೇನಾ?" ಎಂದು ಕೇಳಿದರು. ಡಾಕ್ಟರು ಮಾತ್ರ ಎಲ್ಲಕ್ಕೂ ಕೊನೆಯಲ್ಲಿ ಒಂದೇ ಸಾಲು ಬರೆದರು: "ನಾಳೆ ಅದನ್ನು ತೆಗೆದುಕೊಂಡು ಕ್ಲಿನಿಕ್ಕಿಗೆ ಬನ್ನಿ."

"ಅವರದು ಚಿನ್ನದ ಕಿವಿ ಅತ್ತೆ, ಸುಮ್ಮನೆ ಬಿಡಲ್ಲ."

"ಹಿತ್ತಾಳೆ ಕಿವಿಯೋರನ್ನ ಬೇಕಾದಷ್ಟು ನೋಡಿದ್ದೀನಿ. ಚಿನ್ನದ್ದು ನೋಡಿಲ್ಲ. ನಾನೂ ಬರ್ತೀನಿ."

ಕ್ಲಿನಿಕ್ಕಿನ ತುಂಬ ಲವಂಗದೆಣ್ಣೆಯ ವಾಸನೆ. ಡಾಕ್ಟರು ಹೆಡ್‌ಫೋನನ್ನು ಹುಳುಕು ಹಲ್ಲು ನೋಡುವ ಹಾಗೆ ದೀಪದ ಕೆಳಗೆ ಹಿಡಿದು ನೋಡಿ, ಮುಖ ಹಿಂಡಿ ಹುಡುಗಿಯ ಕೈಗೇ ಕೊಟ್ಟರು.

"ನೋಡಮ್ಮಾ, ಇದು ಹಾಳಾಗಿದ್ದಕ್ಕಲ್ಲ ನನ್ನ ಬೇಜಾರು. ಸಂಗೀತದ ಬಳಗ ಎಣ್ಣೆ ಅಂಗಡಿ ಆಗೋಯ್ತಲ್ಲ. ಇವತ್ತೇ ಮುಚ್ಚಿಬಿಡ್ತೀನಿ."

ಹುಡುಗಿಗೆ ತನ್ನ ಗಿಳಿಯ ಕತ್ತನ್ನು ಯಾರೋ ಹಿಡಿದಂತಾಯಿತು. "ಮುಚ್ಚೋ ಮುಂಚೆ ಒಂದ್ಸಲ ಕೇಳಿಬಿಡಿ ಡಾಕ್ಟ್ರೇ. ಬಳಗದವರೆಲ್ಲ ಕಚ್ಚಾಡ್ತಿದ್ದಾರೆ. ಯಾವ ಬದಿ ಪಳಗಿದೆ ಅಂತ ನಿಮ್ಮ ಕಿವಿಗೆ ಗೊತ್ತಾಗದೆ ಇರುತ್ತಾ?"

ಹೊಗಳಿಕೆಗೆ ಹಲ್ಲಿನ ಡಾಕ್ಟರೂ ಬಾಯಿ ತೆರೆಯುತ್ತಾರೆ. ಅವರು ರೋಗಿಗಳ ಕುರ್ಚಿಯಲ್ಲೇ ಒರಗಿ ಕಣ್ಣು ಮುಚ್ಚಿದರು. ಮುಂದಿನದು ಅವಳ ಕೈಗೆ ಅಭ್ಯಾಸವಾದ ಕೆಲಸ. ಹಾಡು ಹಾಕಿ, ಅವರ ಬಲಗಿವಿಯೊಂದಕ್ಕೇ ಜಿಡ್ಡು ತಾಗದಷ್ಟು ದೂರದಲ್ಲಿ ಒಂದು ಮೆತ್ತೆ ಹಿಡಿದಳು, ತೆಗೆದು ಇನ್ನೊಂದನ್ನು ಹಿಡಿದಳು.

"ಇದಾ, ಅದಾ?"

"ಇನ್ನೊಂದ್ಸಲ."

"ಮೊದಲಿನದಾ, ಈಗಿನದಾ?"

ಡಾಕ್ಟರು ತಮ್ಮ ರೋಗಿಗಳ ಹಾಗೆಯೇ ಕುರ್ಚಿಯ ಕೈ ಬಿಗಿಹಿಡಿದಿದ್ದರು. ಹಣೆಯಲ್ಲಿ ಬೆವರು. ಕೊನೆಗೆ ಬೆರಳೆತ್ತಿ, "ಮೊದಲಿನದು. ದನಿ ಮಾಗಿದೆ, ಅಂಚೆಲ್ಲ ನುಣುಪಾಗಿದೆ. ಎಣ್ಣೆ ಹಚ್ಚಿದ್ದು ಇದೇ, ಅನುಮಾನವೇ ಇಲ್ಲ," ಎಂದರು.

ಅದು ಎಣ್ಣೆ ಕಾಣದ ಒಣಕಲು ಬದಿ. 'ಸರಿಯಾಗಿ ಹೇಳಿದ್ರಿ' ಎಂದುಬಿಟ್ಟರೆ ಅವರು ಹಿಗ್ಗುತ್ತಾರೆ, ಬಳಗ ಉಳಿಯುತ್ತದೆ. ಸುಳ್ಳು ಹುಡುಗಿಯ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಅದಕ್ಕೆ ನಾನು ಹಚ್ಚಲೇ ಇಲ್ಲ ಡಾಕ್ಟ್ರೇ," ಎಂದರು ಮೂಲೆಯ ಸ್ಟೂಲಿನಿಂದ ಅತ್ತೆ. "ಹಾಲು ಉಕ್ಕಿತು."

ಡಾಕ್ಟರು ಕಣ್ಣು ತೆರೆದರು. ಹೆಡ್‌ಫೋನು ನೋಡಿದರು, ಅತ್ತೆಯನ್ನು ನೋಡಿದರು. ಹುಡುಗಿ ಮನಸ್ಸಿನಲ್ಲೇ ಬಳಗಕ್ಕೆ ಎಳ್ಳುನೀರು ಬಿಟ್ಟಳು.

"ಇಲ್ಲಿ ಫ್ಯಾನಿನ ಸದ್ದು ಜಾಸ್ತಿ," ಎಂದರು ಅವರು ಎದ್ದು ಕೂತು. "ಒಬ್ಬರ ಕಿವಿ ನಂಬಿ ಇಂಥದ್ದನ್ನ ತೀರ್ಮಾನ ಮಾಡೋಕಾಗಲ್ಲ. ಎಲ್ಲರೂ ಕೇಳಲಿ. ಮುಂದಿನ ಸರದಿ ಯಾರದು?"

"ಬಸ್ಸಿನ ಡ್ರೈವರದು."

"ಅವನಿಗೆ ಕಳಿಸಿ. ಕಣ್ಣು ಮುಚ್ಕೊಂಡೇ ಹೇಳ್ಬೇಕು, ಸರಿನಾ ತಪ್ಪಾ ಅಂತ ನೀವು ಗುಂಪಿನಲ್ಲಿ ಹಾಕಿ. ಆಮೇಲೆ ಆ ಮೇಷ್ಟ್ರಿಗೆ. ಇನ್ನು ಯಾರೂ ಅದನ್ನ ಒರೆಸಬಾರದು ಅಂತ ಗುಂಪಿನಲ್ಲಿ ಹಾಕ್ತೀನಿ."

"ಹಾಗಾದ್ರೆ ಬೀಗ?"

"ಎಲ್ಲರೂ ಕೇಳಿ ಮುಗಿಸೋವರೆಗೂ ಬೀಗ ಹಾಕೋದು ಹೇಗಮ್ಮಾ?" ಎಂದರು ಡಾಕ್ಟರು. ಬಾಗಿಲವರೆಗೆ ಬಂದು, ಅತ್ತೆ ಮೆಟ್ಟಿಲಿಳಿಯುವುದನ್ನೇ ಕಾದು, ದನಿ ತಗ್ಗಿಸಿದರು: "ಆ ಡ್ರೈವರ್ ಏನಾದ್ರೂ ಸರಿ ಹೇಳಿಬಿಟ್ರೆ, ಗುಂಪಿನಲ್ಲಿ ಹಾಕೋ ಮುಂಚೆ ನನಗೊಂದು ಫೋನ್ ಮಾಡಿ."